‘ಪ್ರಿಂಟ್ಸಿಪಾಲಿನ್’ ಅನ್ನೋದಕ್ಕೆ ಕನ್ನಡದಲ್ಲಿ ಯಾವ ಪದ: ಯಜಮಾನಿಯೋ, ಒಡತಿಯೋ?

ಕಾರೋಲಿನ್ ನೊಯ್ಬರ್ ಎಂಬ ಜರ್ಮನ್ ರಂಗನಟಿಯ ಬಗ್ಗೆ ಒಂದು ಪುಟ್ಟ ಪರಿಚಯ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಕೈ ನಿಂತಿದೆ. ಆಕೆಯನ್ನು ಅಲ್ಲಿನವರು ‘ಪ್ರಿಂಟ್ಸಿಪಾಲಿನ್’ ಅನ್ನುತ್ತಾರೆ. ಊರೂರು ತಿರುಗಿ ನಾಟಕ ಆಡುವ ಕಂಪನಿಯನ್ನು ನಡೆಸುವವನು ‘ಪ್ರಿಂಟ್ಸಿಪಾಲ್’. ಹೆಂಗಸಾದರೆ ಕೊನೆಗೆ ‘ಇನ್’ ಸೇರುತ್ತದೆ. ನಮ್ಮ ಕಾಲೇಜಿನ ಪ್ರಿನ್ಸಿಪಾಲ್ ಬಂದಿದ್ದೂ ಅದೇ ಲ್ಯಾಟಿನ್ ಬೇರಿನಿಂದ. ಹಾಗಂತ ‘ಪ್ರಾಂಶುಪಾಲೆ’ ಅಂತ ಬರೆಯೋಕಾಗಲ್ಲ, ಅಲ್ವಾ? ‘ನಿರ್ದೇಶಕಿ’ ಅಂದರೆ ತೀರಾ ಈಗಿನ ಕಾಲದ ಮಾತಾಯಿತು. ಅದರಲ್ಲಿ ಅರ್ಧ ಕೆಲಸವೂ ಬರುವುದಿಲ್ಲ.

ಆಕೆಯ ಕೆಲಸ ಎಷ್ಟಿತ್ತು ನೋಡಿ. ಹುಟ್ಟಿದ್ದು 1697ರಲ್ಲಿ, ರೈಖನ್‌ಬಾಖ್ ಎಂಬ ಊರಿನಲ್ಲಿ. ತಂದೆ ವಕೀಲ, ಮಹಾ ಸಿಟ್ಟಿನ ಮನುಷ್ಯ. ಹದಿನೈದರ ಹುಡುಗಿ ಮನೆ ಬಿಟ್ಟು ಓಡಿದಳು, ಸಿಕ್ಕಿಬಿದ್ದು ಜೈಲು ಕಂಡಳು. 1717ರಲ್ಲಿ ಯೋಹಾನ್ ನೊಯ್ಬರ್ ಎಂಬ ಯುವಕನ ಜೊತೆ ಮತ್ತೆ ಓಡಿದಳು. ಈ ಸಲ ಸಿಗಲಿಲ್ಲ. ಮರುವರ್ಷ ಇಬ್ಬರೂ ಮದುವೆಯಾಗಿ ನಾಟಕದವರ ಜೊತೆ ಸೇರಿಕೊಂಡರು. ಗಂಡುವೇಷದಲ್ಲಿ ನಾಲ್ಕು ಬಗೆಯ ವಿದ್ಯಾರ್ಥಿಗಳಾಗಿ ಆಕೆ ಅಭಿನಯಿಸಿದ್ದನ್ನು ಲೈಪ್‌ಜಿಗ್‌ನ ವಿದ್ವಾಂಸ ಗಾಟ್‌ಶೆಡ್ 1725ರಲ್ಲಿ ಬಾಯ್ತುಂಬ ಹೊಗಳಿ ಬರೆದ. 1727ರಲ್ಲಿ ಸ್ಯಾಕ್ಸನಿ ಆಸ್ಥಾನದ ಪರವಾನಗಿ ಪಡೆದು ಗಂಡ ಹೆಂಡತಿ ಸ್ವಂತ ಕಂಪನಿ ಕಟ್ಟಿದರು.

ನನ್ನ ಪ್ರಶ್ನೆ ಗಟ್ಟಿಯಾಗುವುದು ಇಲ್ಲಿಂದಲೇ. ಆ ಕಾಲದ ತಿರುಗಾಟದ ನಟರು ಬಾಯಿಗೆ ಬಂದದ್ದನ್ನು ಆಡಿ ಜನರನ್ನು ನಗಿಸುತ್ತಿದ್ದರು. ಈಕೆ ಮಾತು ಬಾಯಿಪಾಠ ಆಗಲೇಬೇಕು ಅಂದಳು, ತಾಲೀಮು ತಪ್ಪಿಸಬಾರದು ಅಂದಳು. ಮದುವೆಯಾಗದ ನಟಿಯರನ್ನು ತನ್ನ ಜೊತೆಯಲ್ಲೇ ಮನೆಮಕ್ಕಳಂತೆ ಇಟ್ಟುಕೊಂಡಳು. ಒಂಟಿ ಗಂಡಸರಿಗೆ ಊಟ ಅವಳ ಮೇಜಿನಲ್ಲೇ. ಪಾತ್ರ ಹಂಚುವುದು, ಊರಿನ ಅಧಿಕಾರಿಗಳಿಗೆ ಅರ್ಜಿ ಹಾಕುವುದು, ಆಟದ ಮುನ್ನ ಆಡುವ ಪದ್ಯ ಬರೆಯುವುದು, ಮುಖ್ಯ ಪಾತ್ರ ಮಾಡುವುದು, ಎಲ್ಲದರಲ್ಲೂ ಅವಳ ಕೈ ಇತ್ತು. ಕಂಪನಿಯೂ ಮನೆಯೂ ಬೇರೆ ಬೇರೆ ಆಗಿರಲಿಲ್ಲ.

ಇದನ್ನೆಲ್ಲ ಹೊರುವ ಕನ್ನಡ ಪದ ‘ಯಜಮಾನಿ’ ಅಂತ ನನಗೆ ಅನಿಸುತ್ತದೆ. ಯಕ್ಷಗಾನದಲ್ಲಿ ‘ಮೇಳದ ಯಜಮಾನರು’ ಅಂತಾರೆ. ದುಡ್ಡು, ಊಟ, ಶಿಸ್ತು, ತಿರುಗಾಟ ಎಲ್ಲ ಅದರೊಳಗೆ ಬಂತು. ‘ಮಾಲೀಕರು’ ಅಂದಾಗ ದುಡ್ಡೇ ಜಾಸ್ತಿ ಕೇಳಿಸುತ್ತದೆ. ‘ಒಡತಿ’ ಚೆಂದದ ಪದ, ಆದರೆ ಅದರಲ್ಲಿ ಬೆವರಿಲ್ಲ.

ತೊಡಕೂ ಇದೆ. ‘ನಮ್ಮ ಯಜಮಾನರು’ ಅಂದರೆ ಗಂಡ. ಹಾಗಾಗಿ ‘ಯಜಮಾನಿ’ ಅಂದಾಗ ಯಜಮಾನರ ಹೆಂಡತಿ ಅಂತಲೂ ಕೇಳಬಹುದು. ಗೌಡರ ಹೆಂಡತಿ ಗೌಡ್ತಿ ಆದ ಹಾಗೆ. ಸೂಲಗಿತ್ತಿ, ಹೂವಾಡಗಿತ್ತಿ ಹಾಗಲ್ಲ. ಅಲ್ಲಿ ಕೆಲಸ ಆಕೆಯದೇ, ಗಂಡ ಯಾರು ಅಂತ ಯಾರೂ ಕೇಳುವುದಿಲ್ಲ.

ವಿಶೇಷ ಏನೆಂದರೆ ಜರ್ಮನ್‌ನಲ್ಲೂ ಇದೇ ತೊಡಕು. ಆಗ ಗಂಡನ ಮನೆತನದ ಹೆಸರಿಗೂ ‘ಇನ್’ ಹಚ್ಚುತ್ತಿದ್ದರು. ಗಾಟ್‌ಶೆಡ್‌ನ ಹೆಂಡತಿ ‘ಗಾಟ್‌ಶೆಡಿನ್’, ನೊಯ್ಬರನ ಹೆಂಡತಿ ‘ನೊಯ್ಬರಿನ್’. ಆದರೆ ಇವತ್ತು ‘ದಿ ನೊಯ್ಬರಿನ್’ ಅಂದರೆ ಅಲ್ಲಿ ಯಾರಿಗೂ ಯೋಹಾನ್ ನೆನಪಾಗುವುದಿಲ್ಲ. (ಆ ‘ದಿ’ ಇಂಗ್ಲಿಷಿನದಲ್ಲ, ಜರ್ಮನ್‌ನಲ್ಲಿ ಹೆಣ್ಣುಪದದ ಮುಂದೆ ಬರುವ ಗುರುತು.) ಗಂಡನಿಂದ ಬಂದ ಹೆಸರನ್ನು ಆಕೆ ದುಡಿದು ತನ್ನದು ಮಾಡಿಕೊಂಡಳು. ‘ಯಜಮಾನಿ’ಗೂ ಹಾಗೆ ಆಗಬಾರದೇಕೆ? ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ‘ಮನೆ ಯಜಮಾನಿ’ ಅಂದರೆ ಮನೆ ನಡೆಸುವವಳು ಅನ್ನುವ ಅರ್ಥವೇ ಮುಂದೆ ಬಂದಿದೆ.

ಇನ್ನೊಂದು ಪದವೂ ಕಾಡುತ್ತಿದೆ: ‘ಹಾನ್ಸ್‌ವುರ್ಸ್ಟ್’. ಆ ಕಾಲದ ಜರ್ಮನ್ ನಾಟಕಗಳಲ್ಲಿ ಜನರನ್ನು ನಗಿಸುತ್ತಿದ್ದ ಪಾತ್ರದ ಹೆಸರು ಇದು. ವುರ್ಸ್ಟ್ ಅಂದರೆ ಮಾಂಸದ ಸಾಸೇಜ್. ಹೊಟ್ಟೆಬಾಕ, ಪೋಲಿ ಮಾತಿನವನು, ಕಥೆಗೆ ಸಂಬಂಧ ಇರಲಿ ಬಿಡಲಿ ನಡುವೆ ನುಗ್ಗುವವನು. 1737ರಲ್ಲಿ ಲೈಪ್‌ಜಿಗ್‌ನಲ್ಲಿ ಈಕೆ ಅವನನ್ನು ರಂಗದಿಂದ ಹೊರಹಾಕುವ ಒಂದು ಆಟವನ್ನೇ ಆಡಿಸಿದಳು. ‘ವಿದೂಷಕ’ ಅಂದರೆ ಸಂಸ್ಕೃತ ನಾಟಕದ ಬ್ರಾಹ್ಮಣ ಗೆಳೆಯ ಕಣ್ಣಮುಂದೆ ಬರುತ್ತಾನೆ. ‘ಹಾಸ್ಯಗಾರ’ ಹತ್ತಿರ, ಆದರೆ ನಮ್ಮಲ್ಲಿ ಅವನಿಗೆ ಮರ್ಯಾದೆ ಇದೆ. ಸದ್ಯಕ್ಕೆ ‘ಕೋಡಂಗಿ’ ಅಂತ ಬರೆದಿದ್ದೇನೆ.

ಆಮೇಲಿನ ದಿನಗಳು ಕಷ್ಟದವು. 1740ರಲ್ಲಿ ರಷ್ಯಾದ ರಾಣಿ ಆನ್ನಾಳ ಕರೆಯ ಮೇರೆಗೆ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರೆ, ಅದೇ ವರ್ಷ ರಾಣಿ ತೀರಿಕೊಂಡಳು. ವಾಪಸ್ ಬಂದಮೇಲೆ ಗಾಟ್‌ಶೆಡ್ ಜೊತೆ ಜಗಳ. ಆದರೂ 1748ರಲ್ಲಿ ಮುಂದೆ ಜರ್ಮನ್‌ನ ದೊಡ್ಡ ನಾಟಕಕಾರನಾದ ಲೆಸಿಂಗ್ ಎಂಬ ಹುಡುಗನ ಮೊದಲ ನಾಟಕವನ್ನು ರಂಗಕ್ಕೆ ತಂದಿದ್ದು ಇವಳೇ. 1760ರಲ್ಲಿ, ಏಳು ವರ್ಷಗಳ ಯುದ್ಧದ ನಡುವೆ, ಡ್ರೆಸ್ಡೆನ್ ಪಕ್ಕದ ಲೌಬೆಗಾಸ್ಟ್ ಹಳ್ಳಿಯಲ್ಲಿ ಬಡತನದಲ್ಲಿ ಸತ್ತಳು. 1776ರಲ್ಲಿ ಅಲ್ಲಿ ಆಕೆಗೊಂದು ಸ್ಮಾರಕ ಕಲ್ಲು ನಿಲ್ಲಿಸಿದರು.

ಈಗ ನಿಮ್ಮನ್ನು ಕೇಳಬೇಕಾದದ್ದು. ಕಂಪನಿ ನಾಟಕ ನೋಡಿ ಬೆಳೆದವರು ಇಲ್ಲಿ ಇದ್ದೀರಿ. ಮೈಸೂರಿನಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು, ಗಂಡು ಪಾತ್ರಗಳನ್ನೂ ತಾವೇ ಮಾಡಿದರು. ಅಂಥ ಕಂಪನಿಗಳಲ್ಲಿ ನಡೆಸುವ ಹೆಂಗಸನ್ನು ಒಳಗಿನವರು ಏನಂತ ಕರೆಯುತ್ತಿದ್ದರು? ಸುಮ್ನೆ ‘ಅಮ್ಮಾವ್ರು’ ಅಂತಲೋ, ‘ಯಜಮಾನ್ತಿ’ ಅಂತಲೋ, ಬೇರೆ ಪದ ಇತ್ತೋ? ಉತ್ತರ ಕರ್ನಾಟಕದ ಕಡೆಯ ಬಳಕೆ ಗೊತ್ತಿದ್ದವರು ದಯವಿಟ್ಟು ಬರೆಯಿರಿ, ಯಾವ ಊರಿನಲ್ಲಿ ಕೇಳಿದ್ದು ಅನ್ನುವುದನ್ನೂ ಸೇರಿಸಿ.