ಡೇವಿಡ್ ಬ್ರೈನರ್ಡ್ ಅವರ ಕೊನೆಯ ಪ್ರಯಾಣ: ವಿದಾಯಕ್ಕೆಂದೇ ಹೊರಟಿದ್ದರೇ?

ಕಡಲೂರಿನವ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯ ಯುವಜನರ ಕೂಟದಲ್ಲಿ ಮುಂದಿನ ತಿಂಗಳು ಡೇವಿಡ್ ಬ್ರೈನರ್ಡ್ ಅವರ ಕುರಿತು ಮಾತನಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ನ್ಯೂಜೆರ್ಸಿಯಲ್ಲಿ ಡೆಲವೇರ್ ಮೂಲನಿವಾಸಿಗಳ ನಡುವೆ ಸೇವೆ ಮಾಡುತ್ತಿದ್ದ ಈ ಬೋಧಕರು, ಕ್ಷಯ ಬಲಿತು ಕೆಮ್ಮಿನಲ್ಲಿ ರಕ್ತ ಬೀಳುತ್ತಿದ್ದ ಸ್ಥಿತಿಯಲ್ಲೇ 1747ರಲ್ಲಿ ಕುದುರೆಯೇರಿ ಮಸಾಚುಸೆಟ್ಸ್‌ವರೆಗೆ ಹೋದರು, ಅದೇ ವರ್ಷ ಅಕ್ಟೋಬರ್ 9ರಂದು ನಾರ್ಥಾಂಪ್ಟನ್‌ನಲ್ಲಿ 29ನೆಯ ವಯಸ್ಸಿಗೇ ತೀರಿಕೊಂಡರು ಎಂಬಷ್ಟು ನನಗೆ ಗೊತ್ತು. ಸ್ನೇಹಿತರಿಗೆಲ್ಲ ಕೊನೆಯ ಮಾತು ಹೇಳಿ ಬರಲೆಂದೇ ಅವರು ಹೊರಟರು ಎಂದು ನಮ್ಮ ಹಿರಿಯರೊಬ್ಬರು ಹೇಳುತ್ತಾರೆ. ಹಾಸಿಗೆಯಲ್ಲಿರಬೇಕಾದ ಮನುಷ್ಯ ಅಷ್ಟಕ್ಕಾಗಿ ಅಷ್ಟು ದೂರ ಹೋದರೇ? ಅವರ ಆರೈಕೆ ಮಾಡಿದ ಜೆರುಶಾ ಎಡ್ವರ್ಡ್ಸ್ ಎಂಬ ಹುಡುಗಿಗೂ ಅದೇ ಕ್ಷಯ ತಗುಲಿ ಆಕೆ ಸತ್ತಳೆಂಬ ಮಾತು ಎಷ್ಟು ನಿಜ?

ಹಳೆಯ ದಿನಚರಿ:
ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ಆ ಅರ್ಧ ಇರುವುದು ಅವರು ತೋರಿಸುವ ಜಾಗದಲ್ಲಲ್ಲ. ವಿದಾಯ ಎಂದು ಕರೆಯಬಹುದಾದ ಭೇಟಿ ನಡೆದದ್ದು ಪ್ರಯಾಣಕ್ಕೆ ಒಂದು ತಿಂಗಳು ಮೊದಲು, ಅವರ ಡೆಲವೇರ್ ಜನರು ನೆಲೆಸಿದ್ದ ನ್ಯೂಜೆರ್ಸಿಯ ಕ್ರ್ಯಾನ್‌ಬರಿಯಲ್ಲಿ. ಕಾಯಿಲೆಯಿಂದಾಗಿ 1746ರ ನವೆಂಬರಿನಲ್ಲೇ ತಮ್ಮ ಜನರನ್ನು ಬಿಟ್ಟು ಹೊರಟಿದ್ದ ಅವರು ಆ ಚಳಿಗಾಲವನ್ನು ಎಲಿಜಬೆತ್‌ಟೌನ್‌ನಲ್ಲಿ ಕಳೆದು, ಸ್ವಲ್ಪ ಚೇತರಿಸಿಕೊಂಡಂತೆ ಕಂಡಾಗ ಮಾರ್ಚ್‌ನಲ್ಲಿ ಮತ್ತೊಮ್ಮೆ ಕ್ರ್ಯಾನ್‌ಬರಿಗೆ ಹೋದರು. ಮಾರ್ಚ್ 20ರ ಶುಕ್ರವಾರ ಬೆಳಿಗ್ಗೆ ಬೇಗ ಎದ್ದು, ತಮ್ಮ ಜನರ ನಡುವೆ ಓಡಾಡಿ, ಅವರವರ ಸ್ಥಿತಿಗತಿ ವಿಚಾರಿಸಿದರು. ಹತ್ತು ಗಂಟೆಯ ಹೊತ್ತಿಗೆ ಎಲ್ಲರನ್ನೂ ಸೇರಿಸಿ, ಒಂದು ಕೀರ್ತನೆಯನ್ನು ವಿವರಿಸಿ, ಹಾಡಿ, ಅವರೊಡನೆ ಪ್ರಾರ್ಥಿಸಿದರು. ಹನ್ನೊಂದಕ್ಕೆ ಹೊರಟುಬಿಟ್ಟರು. ಆ ಜನರನ್ನು ಅವರು ಮತ್ತೆ ನೋಡಲಿಲ್ಲ. ಇದು ಕೊನೆಯ ಭೇಟಿ ಎಂದು ಸಾರಿ ಹೇಳಿ ನಡೆಸಿದ ಕೂಟವಲ್ಲ, ಅದು ಕೊನೆಯದಾಗಿ ಹೋಯಿತು ಅಷ್ಟೇ. ನನ್ನ ಓದಿನಲ್ಲಿ ಅವರ ಇಡೀ ಬದುಕಿನಲ್ಲಿ ಇಷ್ಟು ಮನಮುಟ್ಟುವ ಇನ್ನೊಂದು ಬೆಳಿಗ್ಗೆ ಇಲ್ಲ.

ಏಪ್ರಿಲ್ 21ರಂದು ಕನೆಕ್ಟಿಕಟ್, ಮಸಾಚುಸೆಟ್ಸ್ ಸೇರಿದ ನ್ಯೂ ಇಂಗ್ಲೆಂಡ್ ಪ್ರದೇಶದ ಕಡೆ ಹೊರಟವರು ಮೇ 28ರಂದು ನಾರ್ಥಾಂಪ್ಟನ್‌ನ ಸಭಾಪಾಲಕ ಜೊನಾಥನ್ ಎಡ್ವರ್ಡ್ಸ್ ಅವರ ಮನೆ ಸೇರಿದರು. ದಾರಿಯಲ್ಲಿ ಬಂಧುಮಿತ್ರರನ್ನು ಕಂಡದ್ದು ಹೌದು, ಏಕೆಂದರೆ ಅವರ ಹುಟ್ಟೂರು ಹ್ಯಾಡಮ್ ಇದ್ದದ್ದು ಕನೆಕ್ಟಿಕಟ್‌ನಲ್ಲೇ.

ನಿವೃತ್ತ ವೈದ್ಯ:
ಮೇಲಿನವರು ಹೇಳದೆ ಬಿಟ್ಟ ಕಾರಣವನ್ನು ನಾನು ಸೇರಿಸುತ್ತೇನೆ. ಆ ಕಾಲದಲ್ಲಿ ಕುದುರೆ ಸವಾರಿಯೇ ಕ್ಷಯಕ್ಕೆ ಚಿಕಿತ್ಸೆ! ಜರ್ಮನ್ ವಿಜ್ಞಾನಿ ರಾಬರ್ಟ್ ಕಾಕ್ ಅವರು ಕ್ಷಯದ ರೋಗಾಣುವನ್ನು ಗುರುತಿಸಿದ್ದು 1882ರಲ್ಲಿ, ಅಂದರೆ 135 ವರ್ಷಗಳ ನಂತರ. ನಾರ್ಥಾಂಪ್ಟನ್‌ನ ವೈದ್ಯ ಮ್ಯಾದರ್ ಅವರು ಪರೀಕ್ಷಿಸಿ, ಇದು ಖಚಿತವಾದ ಕ್ಷಯ, ಗುಣವಾಗುವ ಭರವಸೆಯನ್ನು ತಾನು ಕೊಡಲಾರೆ ಎಂದು ನೇರವಾಗಿ ತಿಳಿಸಿದ್ದರು. ಆದರೂ ಸವಾರಿ ಮುಂದುವರಿಸಿದರೆ ಆಯುಸ್ಸು ಸ್ವಲ್ಪ ಹಿಗ್ಗೀತು ಎಂಬುದೇ ವೈದ್ಯರ ಸಲಹೆಯಾಗಿತ್ತು. ಯಾವ ಕಡೆ ಹೋಗುವುದೆಂದು ಕೆಲಕಾಲ ತೋಚದೆ, ಕೊನೆಗೆ ಬಾಸ್ಟನ್ ಎಂದು ನಿರ್ಧರಿಸಿದರು. ಊರನ್ನು ಆರಿಸಿಕೊಂಡ ಈ ಬಗೆಯೇ ವಿದಾಯಯಾತ್ರೆ ಎಂಬ ಮಾತನ್ನು ಸಡಿಲಿಸುತ್ತದೆ.

ನೆರವಿಗೆಂದು ಎಡ್ವರ್ಡ್ಸ್ ಮಗಳು ಜೆರುಶಾಳನ್ನು ಜೊತೆಗೆ ಕಳುಹಿಸಿದರು. ಜೂನ್ 9ಕ್ಕೆ ಹೊರಟು 12ಕ್ಕೆ ಬಾಸ್ಟನ್ ತಲುಪಿದರು, 18ಕ್ಕೆ ರೋಗ ಉಲ್ಬಣಿಸಿ ಪ್ರಾಣ ಹೋಗುವ ಸ್ಥಿತಿಗೆ ಬಂತು. ಅಲ್ಲಿ ಅವರು ಯಾರ ಮನೆಗೂ ವಿದಾಯ ಹೇಳಲು ಹೋಗುವ ಹಾಗಿರಲಿಲ್ಲ, ನಗರದ ಜನರೇ ಅವರನ್ನು ನೋಡಲು ಗುಂಪುಗುಂಪಾಗಿ ಬಂದರು. ಜುಲೈ 20ರಂದು ಮರಳಿ ಹೊರಟಾಗ ದಿನಕ್ಕೆ ಸರಾಸರಿ 16 ಮೈಲಿ ಸಾಗುವುದಷ್ಟೇ ಸಾಧ್ಯವಾಯಿತು.

ಜೆರುಶಾ ತೀರಿಕೊಂಡದ್ದು 1748ರ ಫೆಬ್ರವರಿ 14ರಂದು. ಹತ್ತೊಂಬತ್ತು ವಾರ ಆರೈಕೆ ಮಾಡಿದ್ದರಿಂದ ಕ್ಷಯ ಅಂಟಿತು ಎಂದು ಬಹಳ ಜನ ಬರೆದಿದ್ದಾರೆ. ಆದರೆ ಆಕೆಯದು ಐದು ದಿನಗಳ ಕಾಯಿಲೆ ಎಂದು ತಂದೆಯೇ ದಾಖಲಿಸಿದ್ದಾರೆ. ಐದು ದಿನಗಳಲ್ಲಿ ಮುಗಿಯುವ ರೋಗವನ್ನು ಕ್ಷಯವೆಂದು ಒಪ್ಪಲು ನನಗೆ ಕಷ್ಟ. ಅವರಿಬ್ಬರಿಗೂ ಮದುವೆ ನಿಶ್ಚಯವಾಗಿತ್ತು ಎಂಬ ಕಥೆಯನ್ನೂ ದಯವಿಟ್ಟು ಕೂಟದಲ್ಲಿ ಹೇಳಬೇಡಿ, ಅದಕ್ಕೆ ಗಟ್ಟಿ ಆಧಾರವಿಲ್ಲ.

ಕಡಲೂರಿನವ:
ಇಬ್ಬರಿಗೂ ಕೃತಜ್ಞತೆಗಳು. ಮದುವೆಯ ಕಥೆ ನನ್ನ ಟಿಪ್ಪಣಿಯಲ್ಲಿತ್ತು, ಈಗ ಹೊಡೆದುಹಾಕಿದೆ. ಇನ್ನೊಂದು ಸಂದೇಹ ಉಳಿದಿದೆ: ಕ್ರ್ಯಾನ್‌ಬರಿಯ ಆ ಜನರನ್ನು ಮುಂದೆ ಯಾರು ನೋಡಿಕೊಂಡರು?

ಹಳೆಯ ದಿನಚರಿ:
ಅವರ ತಮ್ಮ ಜಾನ್ ಬ್ರೈನರ್ಡ್. ಡೇವಿಡ್ ಹೊರಡುವ ಮೊದಲೇ, ಏಪ್ರಿಲ್‌ನಲ್ಲಿ, ಜಾನ್ ಬಂದು ಆ ಸೇವೆಯನ್ನು ವಹಿಸಿಕೊಂಡಿದ್ದರು. ಸೆಪ್ಟೆಂಬರಿನಲ್ಲಿ ಅಣ್ಣನನ್ನು ನೋಡಲು ನಾರ್ಥಾಂಪ್ಟನ್‌ಗೆ ಬಂದು, ಕೆಲಸದ ಸಲುವಾಗಿ ನ್ಯೂಜೆರ್ಸಿಗೆ ಮರಳಿದರು. ಅಲ್ಲಿನ ಜನರಲ್ಲಿ ಸಾವು ತರುವ ಕಾಯಿಲೆಯೊಂದು ಹಬ್ಬಿದ್ದರಿಂದ ಹೇಳಿದ ಹೊತ್ತಿಗೆ ಹಿಂದಿರುಗಲು ಆಗಲಿಲ್ಲ. ಅಣ್ಣ ಕಾಯುತ್ತಿದ್ದರು. ಜಾನ್ ಬಂದು ಮುಟ್ಟಿದ್ದು ಅಕ್ಟೋಬರ್ 7ರ ಬುಧವಾರ ಸಂಜೆ, ಎರಡು ದಿನ ಉಳಿದಿದ್ದಾಗ.