ಚಾರ್ಟ್‌ನ ಹೊಸ ಸಿಂಗಲ್ಸ್: ಬಿದ್ದ ಹಾಡು ಸೋತ ಹಾಡಾ?

ಶಿರಸಿ_ಕೇಳುಗ:
ಬ್ರಿಟನ್ನಿನ ಸಿಂಗಲ್ಸ್ ಚಾರ್ಟ್, ಅಂದರೆ ಆ ವಾರ ಹೆಚ್ಚು ಓಡಿದ ಬಿಡಿ ಹಾಡುಗಳ ಪಟ್ಟಿ, ಪ್ರತಿ ಶುಕ್ರವಾರ ಬರ್ತದಲ್ಲ, ಅದರ ಹೊಸ ಹಾಡುಗಳ ಬಗ್ಗೆ ನಾಲ್ಕು ನಾಲ್ಕು ಸಾಲು ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕುವ ಯೋಚನೆ. ಮೊದಲ ವಾರ ಹತ್ತರೊಳಗಿದ್ದ ಹಾಡು ಮರುವಾರ 50ರ ಆಚೆ ಹೋದರೆ ಸೋತಿತು ಅಂತ ಬರೆಯಬಹುದಾ? ಇನ್ನೊಂದು, ಕುಮಟಾ ಬಸ್ಸಲ್ಲಿ ಕೇಳಿದ್ದೇ ಬೇರೆ, ಮನೆಯಲ್ಲಿ ಕೇಳಿದ್ದೇ ಬೇರೆ ಅನಿಸ್ತದೆ. ಯಾವುದನ್ನು ನಂಬೋದು?

ಕಾಳಿ_ದಂಡೆ:
ಹಾಗೆ ಬರೆಯಬೇಡಿ. 2018ರಲ್ಲಿ ಬಂದ ಲೆಕ್ಕದಲ್ಲಿ ಚಂದಾದಾರರ 100 ಸ್ಟ್ರೀಮ್ (ಆನ್ಲೈನಲ್ಲಿ ಒಂದು ಸಲ ಕೇಳಿದರೆ ಒಂದು ಸ್ಟ್ರೀಮ್) ಅಥವಾ ಪುಕ್ಕಟೆ ಕೇಳುವವರ 600 ಸ್ಟ್ರೀಮ್ ಸೇರಿದರೆ ಒಂದು ಮಾರಾಟ. ಅಭಿಮಾನಿ ಒಬ್ಬ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದರೆ ಒಂದೇ ಏಟಿಗೆ ಅಷ್ಟು ತೂಕ. ಆದರೆ ಅದೇ ಹಾಡನ್ನು ಮರುವಾರ ಮತ್ತೆ ಯಾರು ಕೊಳ್ತಾರೆ? ಬೀಳೋದು ಅದಕ್ಕೇ. ಹಳೇ ಹಾಡು ದಿಢೀರನೆ ಕುಸಿದರೆ ಕಾರಣ ಬೇರೆ: ಹತ್ತು ವಾರ ಕಳೆದ ಮೇಲೆ ಸತತ ಮೂರು ವಾರ ಇಳಿದರೆ ಈ ಲೆಕ್ಕ 200 ಮತ್ತು 1200ಕ್ಕೆ ಏರ್ತದೆ, ಅಂದರೆ ಅಷ್ಟೇ ಜನ ಕೇಳಿದರೂ ಅಂಕ ಅರ್ಧ. ಒಬ್ಬ ಕಲಾವಿದರಿಗೆ ಮೂರೇ ಹಾಡು ಅಂತ ಮಿತಿಯೂ ಉಂಟು. ಆಲ್ಬಮ್ ಬಂದ ವಾರ ನಾಲ್ಕನೆಯದು ಕಾಣದಿದ್ದರೆ ಅದು ಕೆಟ್ಟದ್ದು ಅಂತಲ್ಲ.

ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರ ಜೊತೆ ಹೋಲಿಸೋದೂ ಬೇಡ. ಅಲ್ಲಿ ರೇಡಿಯೋ ಪ್ರಸಾರವೂ ಸೇರ್ತದೆ, ಬ್ರಿಟನ್ನಿನದರಲ್ಲಿ ಇಲ್ಲ.

ಘಟ್ಟದ_ಹೆಡ್‌ಫೋನ್:
ಬಸ್ಸಲ್ಲಿ ಕೇಳಿ ತೀರ್ಪು ಕೊಡಲೇಬೇಡಿ ಮಾರಾಯ್ರೆ. ಹಾಡು ಕೇಳುವ ಆ್ಯಪ್ ಸ್ಪಾಟಿಫೈಯಲ್ಲಿ ಗುಣಮಟ್ಟ 'ಆಟೊಮ್ಯಾಟಿಕ್' ಇಟ್ಟಿದ್ದರೆ ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಕುಗ್ಗಿದ ಹಾಗೆ ಅದೂ ಇಳೀತದೆ. 'ಲೋ' ಅಂದರೆ ಸುಮಾರು 24 ಕೆಬಿಪಿಎಸ್ (ಸೆಕೆಂಡಿಗೆ ಬರುವ ಡೇಟಾದ ಅಳತೆ), 'ವೆರಿ ಹೈ' 320. ಮೊದಲು ಕೆಡೋದು ಹೈ-ಹ್ಯಾಟ್, ಅಂದರೆ ಡ್ರಮ್ಸ್ ಸೆಟ್ಟಿನ ಜೋಡಿ ತಾಳ: 'ಟಿಸ್ ಟಿಸ್' ಅನ್ನಬೇಕಾದ್ದು 'ಶ್ವಾ ಶ್ವಾ' ಅಂತದೆ. ಗಾಯಕಿ ಉಸಿರೆಳೆಯೋದು, ರಿವರ್ಬ್ (ದನಿಯ ಅನುರಣನ) ನಿಧಾನ ಕರಗೋದು ಎರಡೂ ಮಾಯ. ನೀವು 'ಮಿಕ್ಸಿಂಗ್ (ದನಿ, ವಾದ್ಯ ಬೆರೆಸಿದ ರೀತಿ) ಒರಟು' ಅಂತ ಬರೀತೀರಿ, ತಪ್ಪು ನೆಟ್‌ವರ್ಕಿಂದು. ಬೇಸ್ ಬಗ್ಗೆ ಕೇಳೋದೇ ಬೇಡ, ಇಂಜಿನ್ನಿನ ಗುಡುಗುಡು ಅದನ್ನು ನುಂಗಿರ್ತದೆ.

ಮನೆ ವೈಫೈಯಲ್ಲಿ ಇಳಿಸಿಕೊಂಡು ಕೇಳಿ. ಡೌನ್‌ಲೋಡ್ ಗುಣಮಟ್ಟದ ಸೆಟ್ಟಿಂಗ್ ಬೇರೆಯೇ ಇರ್ತದೆ, ಅದನ್ನೂ ಏರಿಸಿ. ಬೇಸ್, ಟ್ರೆಬಲ್ ಏರಿಳಿಸುವ ಈಕ್ವಲೈಜರ್ ಆಫ್. ಎಲ್ಲ ಹಾಡಿನ ಸದ್ದನ್ನು ಒಂದೇ ಮಟ್ಟಕ್ಕೆ ತರುವ ನಾರ್ಮಲೈಸೇಶನ್ ಮಾತ್ರ ಆನ್ ಇರಲಿ, ಇಲ್ಲದಿದ್ದರೆ ಜೋರಾಗಿರುವ ಹಾಡೇ ಒಳ್ಳೇದು ಅಂತ ಕಿವಿ ಮೋಸ ಹೋಗ್ತದೆ.

ಕಡಲ_ತಾಳ:
ಮೇಲಿನವರ ಮಾತು ಸರಿ, ಆದರೆ ಕೊನೆಗೊಮ್ಮೆ ಫೋನ್ ಸ್ಪೀಕರಿನಲ್ಲೂ ಕೇಳಿ. ಗುಂಪಿನಲ್ಲಿ ಹೆಚ್ಚಿನವರು ಕೇಳೋದು ಅದರಲ್ಲೇ. ಬೇಸ್ ಕಳಚಿದ ಮೇಲೂ ರಾಗ ನಿಲ್ತದಾ ಅಂತ ಗೊತ್ತಾಗ್ತದೆ.

ಬರೆಯುವಾಗ ಗಡಿಯಾರ ನೋಡಿ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಆದರೆ ಒಂದು ಸ್ಟ್ರೀಮ್ ಅಂತ ಲೆಕ್ಕ, ಹಾಗಾಗಿ ಪಲ್ಲವಿಯನ್ನು ಅದಕ್ಕೂ ಮೊದಲೇ ತಂದು ಬಿಡುವ ಹಾಡುಗಳು ಬೇಕಷ್ಟು. ತಂದದ್ದು ತಪ್ಪಲ್ಲ, ಆಮೇಲೆ ಏನು ಉಳಿಸಿಕೊಂಡಿದ್ದಾರೆ ನೋಡಿ. ಎರಡನೇ ಚರಣ ಮೊದಲನೆಯದರ ನಕಲಾ? ಹೊಸ ವಾದ್ಯ, ಹೊಸ ದನಿ ಏನಾದರೂ ಸೇರಿತಾ? 'ಕೇಳಬಹುದು' ಅನ್ನೋದಕ್ಕಿಂತ '1:40ಕ್ಕೆ ಡ್ರಮ್ಸ್ ನಿಂತು ದನಿ ಒಂದೇ ಉಳಿಯೋದು ಚಂದ, ಉಳಿದದ್ದು ಪುನರಾವರ್ತನೆ' ಅಂತ ಬರೆದರೆ ಓದಿದವರು ಹೋಗಿ ಆ ಜಾಗ ಕೇಳ್ತಾರೆ.