ಗರಡಿ ಮನೆಯಲ್ಲಿ ಎಲ್ಲರೂ ಸಮಾನರಾ?

ಕೆಂಪುಮಣ್ಣು, ಧಾರವಾಡ:
ನಮ್ಮ ಓಣಿಯ ಗರಡಿ ಮನೆ ದುರಸ್ತಿಗೆ ಪಟ್ಟಿ ಎತ್ತುತ್ತಿದ್ದೇವೆ. ಕೆಲವರು 'ಈ ಕಾಲದಲ್ಲಿ ಅದು ಯಾಕೆ' ಅಂತಾರೆ. ಕಣಕ್ಕಿಳಿದ ಮೇಲೆ ಗೌಡರ ಮಗ ಯಾರು, ಹಮಾಲರ ಮಗ ಯಾರು ಗೊತ್ತಾಗುತ್ತಾ? ಇಂಥ ಸಮಾನತೆ ಬೇರೆಲ್ಲಿದೆ, ಹೇಳಿ.

ಹುಬ್ಬಳ್ಳಿ ಹುಡುಗ:
ಅಣ್ಣಾ, ಕಣದಲ್ಲಿ ಸರಿ. ಅದಕ್ಕೂ ಮೊದಲು ಸಲಿಕೆ ಹಿಡಿದು ಮಣ್ಣು ಅಗೆಯೋರು ಯಾರು? ಎಣ್ಣೆ, ಮಜ್ಜಿಗೆ ಸುರಿದು, ಹೆಂಟೆ ಒಡೆದು ಹದ ಮಾಡೋರು? ಹೊಸ ಹುಡುಗರು. ಆಮೇಲೆ ಉಸ್ತಾದರ ಕಾಲು ಒತ್ತಬೇಕು. ಎದುರು ಮಾತಾಡಿದರೆ ಮರುದಿನ ಜೋಡಿ ಸಿಗಲ್ಲ. ಇದು ಪಾಳೇಗಾರಿಕೆ.

ಗದಗ ಮಾಸ್ತರ:
ಪಾಳೇಗಾರಿಕೆ ಅನ್ನೋದು ಜಾಸ್ತಿ ಆಯ್ತು ತಮ್ಮಾ. ಕುಸ್ತಿಯನ್ನು ಸಾಕಿದವರು ರಾಜರೇ, ನಿಜ. ಆದರೆ ಎಂಥ ರಾಜರು? ಕೊಲ್ಲಾಪುರದ ಶಾಹು ಮಹಾರಾಜರು 1902ರಲ್ಲೇ ಹಿಂದುಳಿದವರಿಗೆ ನೌಕರಿಯಲ್ಲಿ ಶೇ 50 ಮೀಸಲಾತಿ ಕೊಟ್ಟರು. ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದವರೂ ಅವರೇ. ಇನ್ನು ಜಪಾನ್ ನೋಡಿ. ಕಾನೊ ಜಿಗೊರೊ 1882ರಲ್ಲಿ ಜೂಡೊ ಶಾಲೆ ತೆರೆದರು. ಜೊತೆಗಾರ ಬೆಳೆದರೆ ತಾನೂ ಬೆಳೆಯುತ್ತೇನೆ ಅನ್ನೋದು ಅವರ ತತ್ವ. ಅದೇ ಜೂಡೊವನ್ನು ಸರ್ಕಾರ 1931ರಲ್ಲಿ ಶಾಲೆಗಳಲ್ಲಿ ಕಡ್ಡಾಯ ಮಾಡಿ ಯುದ್ಧಕ್ಕೆ ಹುಡುಗರನ್ನು ಹುರಿಗೊಳಿಸಿತು. ಪಟ್ಟು ಅವೇ, ನಡೆಸೋರು ಬೇರೆ.

ಹಾವೇರಿ ಮಂದಿ:
ಜಾತ್ರೆ ಕುಸ್ತಿಗೆ ಬೆಳ್ಳಿ ಗದೆ ಕೊಡೋರು ಲೀಡರು. ಚುನಾವಣೆಯಲ್ಲಿ ಅವರ ಹಿಂದೆ ತೋಳು ಕಟ್ಟಿ ನಿಲ್ಲೋರು ಪೈಲ್ವಾನರು. ತತ್ವ ಗಿತ್ವ ಸುಮ್ನೆ ಬಿಡ್ರಿ.

ಸಾಧನಕೇರಿ ಅಕ್ಕ:
ಇಷ್ಟು ಮಾತಾಡಿದಿರಿ, ಹೆಣ್ಣುಮಕ್ಕಳ ಸುದ್ದಿಯೇ ಇಲ್ಲವಲ್ರಿ! ಗರಡಿಯಲ್ಲಿ ಹನುಮಪ್ಪ ಇದ್ದಾನೆ ಅಂತ ನಮ್ಮನ್ನು ಒಳಗೆ ಬಿಡಲ್ಲ. ನನ್ನ ಮಗಳು ಮ್ಯಾಟ್ ಮೇಲೆ ಕಲಿಯುತ್ತಾಳೆ. ಮ್ಯಾಟ್ ಬಂದರೂ ಎಲ್ಲ ನೆಟ್ಟಗಾಗಲಿಲ್ಲ ಬಿಡಿ. 2023ರಲ್ಲಿ ಕುಸ್ತಿಪಟುಗಳಾದ ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಯಾಕೆ ಕೂತರು? ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೇ ಲೈಂಗಿಕ ಕಿರುಕುಳದ ದೂರಿತ್ತು, ಕೇಳೋರು ಇರಲಿಲ್ಲ.

ಕೆಂಪುಮಣ್ಣು, ಧಾರವಾಡ:
ಅಕ್ಕಾ, ಅದು ಒಕ್ಕೂಟದ ಜಗಳ. ಗರಡಿಗೂ ಅದಕ್ಕೂ ಏನು ಸಂಬಂಧ?

ಸಾಧನಕೇರಿ ಅಕ್ಕ:
ಪಟ್ಟು ಕಲಿಸುವಾಗ ಉಸ್ತಾದರ ಮಾತು ಮೀರಬಾರದು, ಒಪ್ಪಿದೆ. ಮೀರಿದರೆ ಕೈಕಾಲು ಮುರಿಯುತ್ತೆ. ಆದರೆ ಯಾರನ್ನು ಸೇರಿಸಬೇಕು, ದೂರು ಯಾರು ಕೇಳಬೇಕು, ಅದನ್ನೂ ಅವರೇ ಯಾಕೆ ನಿರ್ಧರಿಸಬೇಕು? ಓಣಿಯವರ ಕಮಿಟಿ ಮಾಡಿ. ಸಂಜೆ ಹುಡುಗಿಯರಿಗೂ ಬಾಗಿಲು ತೆಗೆಯಿರಿ.

ಕೆಂಪುಮಣ್ಣು, ಧಾರವಾಡ:
ಕಮಿಟಿ ಮಾಡೋಣ. ಸಂಜೆ ಮಾತಿಗೆ ಹಿರಿಯರು ಒಪ್ಪಲ್ಲ.

ಹುಬ್ಬಳ್ಳಿ ಹುಡುಗ:
ಹಿರಿಯರು ಕಮಿಟಿಗೆ ಒಪ್ಪಿದ್ದಾರಾ, ಅಣ್ಣಾ?